ಲೇಪವೂ ಬಣ್ಣವೂ

ಶುಭಕಾರ್ಯ ಮುಗಿದು ನೆಂಟರಿಷ್ಟರೆಲ್ಲ ಎದ್ದುಹೋದ ಮೇಲೆ ನಡುಮನೆಯ ಜಮಖಾನೆಯ ಮೇಲೆ ಉಳಿಯುವ ಕಲೆಗಳಲ್ಲಿ ಅರಿಸಿನದ ಕಲೆಯಷ್ಟು ಹಟಮಾರಿಯಾದುದು ಮತ್ತೊಂದಿಲ್ಲ. ಕಾಫಿ ಚೆಲ್ಲಿದ್ದರೆ ಉಜ್ಜದೆ ಒಣಬಟ್ಟೆಯನ್ನೊತ್ತಿ ಅಂಚಿನಿಂದ ನಡುವಿಗೆ ಹೀರಿಸಬಹುದು. ತುಪ್ಪದ ಜಿಡ್ಡು ಕಡಲೆಹಿಟ್ಟಿಗೆ ಬಹುಮಟ್ಟಿಗೆ ಬಿಡುತ್ತದೆ. ಅರಿಸಿನವಾದರೋ ಸೋಪು ತಾಕಿದೊಡನೆ ಅದರ ಕ್ಷಾರಗುಣದಿಂದ ಕೆಂಪಗೆ ತಿರುಗಿ, ತೊಳೆಯಲು ಕುಳಿತವರನ್ನೇ ಅಣಕಿಸುತ್ತದೆ. ಅರಿಸಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವುದೂ ಈ ಗುಣದ ಬಲದಿಂದಲೇ. ಹಣೆಯಲ್ಲಿ ಮಂಗಳವಾದುದು ಹಾಸಿನ ಮೇಲೆ ಮಾಲಿನ್ಯವೆನಿಸುವುದೇಕೆಂಬ ಜಿಜ್ಞಾಸೆ ಹಾಗಿರಲಿ. ಚೆನ್ನಾಗಿ ತೊಳೆದಾದ ಮೇಲೂ ಬಣ್ಣ ಉಳಿದ ಹಾಸು ಶುದ್ಧವೋ, ಅಶುದ್ಧವೋ?

ನಮ್ಮ ಸ್ಮೃತಿಕಾರರಿಗೆ ಅಗಸರ ಕೆಲಸವೂ ಅಲ್ಪವಾಗಿ ತೋರಲಿಲ್ಲ. ಮನುಸ್ಮೃತಿಯ 5ನೆಯ ಅಧ್ಯಾಯವು ರೇಷ್ಮೆಗೂ ಉಣ್ಣೆಗೂ ಚೌಳುಮಣ್ಣನ್ನು, ಕಂಬಳಿಗೆ ಅಂಟುವಾಳವನ್ನು, ನಾರುಬಟ್ಟೆಗೆ ಬಿಳಿಸಾಸಿವೆಯನ್ನು ವಿಧಿಸುತ್ತದೆ. ಎಲ್ಲಿಯವರೆಗೆ ತೊಳೆಯಬೇಕೆಂಬುದಕ್ಕೂ ಅಲ್ಲಿ ಮೇರೆಯುಂಟು: ಅಂಟಿದ ಲೇಪವೂ ಅದರ ಗಂಧವೂ ಹೋಗುವವರೆಗೆ. ಗೌತಮ ಧರ್ಮಸೂತ್ರದ ಮತವೂ ಅದೇ. ಬಣ್ಣದ ಮಾತನ್ನು ಇಬ್ಬರೂ ಎತ್ತುವುದಿಲ್ಲ. ಎತ್ತದಿದ್ದುದು ವಿವೇಕದಿಂದಲೇ ಎಂದು ನನ್ನ ಎಣಿಕೆ. ಅವರು ಹೇಳುತ್ತಿದ್ದುದು ಅಮೇಧ್ಯ ವಸ್ತುವಿನ ವಿಷಯ, ಅರಿಸಿನವಂತೂ ಅಮೇಧ್ಯವಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ಸರಿಯೇ, ಆದರೆ ಅಮೇಧ್ಯಕ್ಕೇ ಇಷ್ಟು ಸಾಕಾದರೆ ಅರಿಸಿನಕ್ಕೆ ಸಾಲದೆ?

ಈ ನ್ಯಾಯವನ್ನು ಮನುಷ್ಯನಿಗೆ ಅನ್ವಯಿಸಿದಾಗಲೇ ನಮ್ಮ ಕಾರ್ಪಣ್ಯ ಬಯಲಾಗುವುದು. ಯಾವ ಗ್ರಂಥದ ಎಷ್ಟೋ ನಿರ್ಣಯಗಳನ್ನು ಇಂದಿನ ಮನಸ್ಸು ನಿರಾಕರಿಸುವುದೋ, ನಿರಾಕರಿಸುವುದು ನ್ಯಾಯವೂ ಆಗಿದೆಯೋ, ಆ ಮನುಸ್ಮೃತಿಯೇ ತನ್ನ 11ನೆಯ ಅಧ್ಯಾಯದಲ್ಲಿ, ಪ್ರಾಯಶ್ಚಿತ್ತದಿಂದ ಪಾಪವನ್ನು ತೊಳೆದುಕೊಂಡವನನ್ನು ಎಂದಿಗೂ ಹೇಸತಕ್ಕದ್ದಲ್ಲವೆಂದು ವಿಧಿಸಿದೆ. ನಾವಾದರೋ ಶಿಕ್ಷೆ ತೀರಿಸಿ ಬಂದವನಿಗೆ ಬಾಡಿಗೆಗೆ ಮನೆ ಕೊಡಲಾರೆವು; ಅವನ ಮನೆಯ ಹೆಣ್ಣನ್ನು ತರಲಾರೆವು; ಅವನ ಮಗ ಶಾಲೆಯಲ್ಲಿ ಮೊದಲಿಗನಾಗಿ ತೇರ್ಗಡೆಯಾದರೂ ತಂದೆಯ ಹಳೆಯ ಸುದ್ದಿಯನ್ನು ಪಿಸುಮಾತಿನಲ್ಲಾದರೂ ಆಡದೆ ಇರಲಾರೆವು. ಜ್ಞಾನಿಗೂ ಪ್ರಾರಬ್ಧವು ಭೋಗದಿಂದಲೇ ಕ್ಷಯಿಸಬೇಕೆಂದು ವೇದಾಂತಿಗಳು ಹೇಳುವರು; ಹಾಗೆ ಪ್ರಾರಬ್ಧ ಉಳಿದ ಮಾತ್ರಕ್ಕೆ ಅವನ ಜ್ಞಾನವನ್ನು ಅವರಾರೂ ಶಂಕಿಸಲಿಲ್ಲ. ಅರಿಸಿನದ ಬಣ್ಣವೂ ಉಜ್ಜಿದರೆ ಹೋಗುವಂಥದಲ್ಲ. ಕೆಲವು ದಿನ ಬಿಸಿಲಿಗೆ ಒಡ್ಡಿದರೆ ತಾನಾಗಿ ಮಾಸುತ್ತದೆ.

ಆದರೆ ಮುಂದಿನ ಶ್ಲೋಕವನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಶಿಶುವನ್ನು ಕೊಂದವನು, ಹೆಣ್ಣನ್ನು ಕೊಂದವನು, ಶರಣುಬಂದವನನ್ನು ಕೊಂದವನು, ಕೃತಘ್ನ, ಈ ನಾಲ್ವರು ವಿಧಿವತ್ತಾಗಿ ಶುದ್ಧರಾದರೂ ಇವರೊಡನೆ ಬಾಳಬೇಡವೆನ್ನುತ್ತದೆ ಅದು. ಕೊಲೆಗಾರರ ಪಂಕ್ತಿಯಲ್ಲಿ ಕೃತಘ್ನನನ್ನು ಕೂರಿಸಿದುದು ಮೊದಲಿಗೆ ಅತಿಯೆನಿಸೀತು. ಉಪಕಾರ ಮಾಡಿ ನೊಂದವರಿಗೆ ಹಾಗೆನಿಸದು. ಈ ನಾಲ್ವರ ಹೊರತು ಮತ್ತಾರ ಹಳೆಯ ಬಣ್ಣವನ್ನೂ ಎತ್ತಿ ಆಡುವ ಅಧಿಕಾರವನ್ನು ಆ ಶ್ಲೋಕಗಳು ನಮಗೆ ಕೊಟ್ಟಿಲ್ಲ.