ಪರರ ನಡೆಯನ್ನು ತಿದ್ದುವ ವಿದ್ಯೆ

ಪರರ ತಪ್ಪನ್ನು ಎತ್ತಿ ತೋರಿಸುವ ಉತ್ಸಾಹವು ಮಾನವನಿಗೆ ಹುಟ್ಟುಗುಣದಂತೆ ಬಂದಿದೆ. ತನ್ನ ತಪ್ಪನ್ನು ತಾನು ಕಾಣುವ ಶಕ್ತಿಯಾದರೋ ಬಹುಕಾಲದ ಸಾಧನೆಯಿಂದ ಬರತಕ್ಕದ್ದು. ಆದುದರಿಂದಲೇ ಪರರನ್ನು ತಿದ್ದಹೊರಡುವವನು ಮೊದಲು ತನ್ನನ್ನು ಶೋಧಿಸಿಕೊಳ್ಳಬೇಕೆಂದು ಶರಣರು ಬೋಧಿಸಿದರು. ಇದು ನಮ್ಮ ನಿಮ್ಮಂಥ ಸಾಮಾನ್ಯರಿಗೆ ಹೇಳಿದ ಮಾತಾಯಿತು. ಆದರೆ ಪರರ ನಡೆಯನ್ನು ತಿದ್ದುವುದನ್ನೇ ಒಂದು ಶಾಸ್ತ್ರವಾಗಿ ಬೆಳೆಸಿ, ಅದನ್ನೇ ಕಾಯಕವಾಗಿ ಕೈಗೊಂಡು, ವಿಶ್ವವಿದ್ಯಾನಿಲಯದಲ್ಲಿ ತರುಣ ತರುಣಿಯರಿಗೆ ಅದನ್ನು ಕಲಿಸುವವನ ವಿಷಯದಲ್ಲಿ ಏನು ಹೇಳಬೇಕು? ಅವನಿಗೆ ಆ ಅಧಿಕಾರವು ಎಲ್ಲಿಂದ ಬಂದಿತು? ಅದರ ಎಲ್ಲೆ ಯಾವುದು? ಇದು ಬರಿಯ ತರ್ಕಕ್ಕಾಗಿ ಎತ್ತಿದ ಪ್ರಶ್ನೆಯಲ್ಲ. ಅಮೇರಿಕೆಯಲ್ಲಿ ಹುಟ್ಟಿ ಬೆಳೆದ ‘ಅನ್ವಯಿಕ ವರ್ತನಾ ವಿಶ್ಲೇಷಣೆ’ ಎಂಬ ವಿದ್ಯೆಯು ಇದನ್ನು ಪ್ರತ್ಯಕ್ಷವಾಗಿ ನಮ್ಮೆದುರಿಗೆ ತಂದು ನಿಲ್ಲಿಸಿದೆ.

ಈ ವಿದ್ಯೆಯ ಮೂಲದಲ್ಲಿ ನಿಂತವನು ಬಿ. ಎಫ್. ಸ್ಕಿನ್ನರ್ (1904–1990) ಎಂಬ ಮನಶ್ಶಾಸ್ತ್ರಜ್ಞನು. ಪ್ರಾಣಿಯಾಗಲಿ ಮನುಷ್ಯನಾಗಲಿ ಮಾಡಿದ ಒಂದು ಕೆಲಸದ ಬೆನ್ನಿಗೆ ಬರುವ ಫಲವು, ಆ ಕೆಲಸವು ಮತ್ತೆ ನಡೆಯುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುತ್ತದೆ ಎಂಬುದು ಅವನ ವಿಚಾರದ ಸಾರ. 1968ರಲ್ಲಿ ಈ ವಿದ್ಯೆಗಾಗಿಯೇ ಒಂದು ಶಾಸ್ತ್ರೀಯ ಪತ್ರಿಕೆ ಹೊರಟಿತು. ಅದರ ಮೊದಲ ಸಂಪುಟದಲ್ಲಿಯೇ ಕಾನ್ಸಾಸ್ ವಿಶ್ವವಿದ್ಯಾನಿಲಯದ ಡೊನಾಲ್ಡ್ ಬೇರ್, ಮಾಂಟ್ರೋಸ್ ವುಲ್ಫ್, ಟಾಡ್ ರಿಸ್ಲಿ ಎಂಬ ಮೂವರು ಅಧ್ಯಾಪಕರು ಈ ವಿದ್ಯೆಗೆ ಏಳು ಲಕ್ಷಣಗಳನ್ನು ವಿಧಿಸಿದರು. ಎತ್ತಿಕೊಂಡ ವಿಷಯವು ಜನಜೀವನಕ್ಕೆ ನಿಜವಾಗಿ ಬೇಕಾದುದಾಗಿರಬೇಕು. ಊಹೆಯನ್ನು ಬಿಟ್ಟು, ಕಣ್ಣಿಗೆ ಕಾಣುವ ವರ್ತನೆಯನ್ನು ಅಳೆಯಬೇಕು. ಆದ ಬದಲಾವಣೆಗೆ ಇದೇ ಕಾರಣವೆಂದು ತೋರಿಸಬೇಕು. ಆ ಬದಲಾವಣೆಯು ಪ್ರಯೋಜನಕ್ಕೆ ಬರುವಷ್ಟು ದೊಡ್ಡದಾಗಿರಬೇಕು. ಕಲಿತದ್ದು ಕಲಿತ ಕೋಣೆಯಲ್ಲಿಯೇ ಉಳಿಯದೆ ಬಾಳಿಗೆಲ್ಲ ಹರಡಬೇಕು. ಅವುಗಳಲ್ಲಿ ಮುಖ್ಯವಾದವು ಇವು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ಮಾತು ಬಾರದ ಒಂದು ಮಗು ತನ್ನ ತಲೆಯನ್ನು ತಾನೇ ಗೋಡೆಗೆ ಬಡಿದುಕೊಳ್ಳುತ್ತದೆ ಎಂದು ಭಾವಿಸೋಣ. ಹಿಂದಿನವರು ಇದನ್ನು ಹಟವೆಂದರು, ಹುಚ್ಚೆಂದರು, ಕರ್ಮವೆಂದರು. ಬಾಲ್ಟಿಮೋರ್ ನಗರದಲ್ಲಿ ಬ್ರಯಾನ್ ಇವಾಟಾ ಮತ್ತು ಅವನ ಸಂಗಡಿಗರು 1982ರಲ್ಲಿ ಪ್ರಕಟಿಸಿದ ಶೋಧನೆಯು ಬೇರೆ ದಾರಿಯನ್ನು ಹಿಡಿಯಿತು. ಮಗುವನ್ನು ಸ್ವಲ್ಪ ಹೊತ್ತು ಒಂಟಿಯಾಗಿ ಬಿಟ್ಟು, ಸ್ವಲ್ಪ ಹೊತ್ತು ಕೆಲಸಕ್ಕೆ ಹಚ್ಚಿ, ಸ್ವಲ್ಪ ಹೊತ್ತು ಬಡಿದುಕೊಂಡಾಗ ಮಾತ್ರ ಅದರತ್ತ ಗಮನ ಕೊಟ್ಟು, ಇನ್ನು ಸ್ವಲ್ಪ ಹೊತ್ತು ಆಟಿಕೆಗಳ ನಡುವೆ ಸುಖವಾಗಿರಿಸಿ, ಯಾವ ಸಂದರ್ಭದಲ್ಲಿ ಆ ಹೊಡೆತ ಹೆಚ್ಚುತ್ತದೆಂದು ಅವರು ನೋಡಿದರು. ಒಂದು ಮಗು ಜನರ ಗಮನಕ್ಕಾಗಿ ಬಡಿದುಕೊಂಡರೆ, ಇನ್ನೊಂದು ಸಹಿಸಲಾಗದ ಕೆಲಸದಿಂದ ಪಾರಾಗಲು ಬಡಿದುಕೊಳ್ಳುತ್ತದೆ. 1985ರಲ್ಲಿ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯೂರಂಡ್ ಎಂಬವರು ಇನ್ನೊಂದು ಹೆಜ್ಜೆ ಮುಂದಿಟ್ಟು, ಮಗುವಿಗೆ ಬೇಕಾದುದನ್ನು ಕೇಳುವ ಒಂದು ಸರಳ ಮಾತನ್ನು ಕಲಿಸಿಕೊಟ್ಟರೆ ಇಂಥ ನಡತೆಯು ತಗ್ಗುತ್ತದೆಂದು ತೋರಿಸಿದರು.

ಇಲ್ಲಿ ಅಡಗಿರುವ ದಯೆಯನ್ನು ವಾಚಕರು ಗಮನಿಸಬೇಕು. ಮಗುವು ಕೆಟ್ಟದ್ದೆಂಬ ನಿಂದೆ ಇಲ್ಲಿಲ್ಲ. ನಡೆಗೆ ಕಾರಣವು ಸುತ್ತಲಿನ ಪರಿಸರದಲ್ಲಿದೆ. ಆ ಪರಿಸರದಲ್ಲಿ ನಾವೂ ಇದ್ದೇವೆ. ಆದುದರಿಂದ ಮೊದಲು ಬದಲಾಗಬೇಕಾದವರು ನಾವು. ಶಾಸ್ತ್ರವು ತನ್ನ ನಿಜವಾದ ಸ್ವರೂಪದಲ್ಲಿ ಹೇಳುವುದು ಇದನ್ನೇ.

ಆದರೆ ಶಕ್ತಿಯುಳ್ಳ ವಿದ್ಯೆಗೆಲ್ಲ ಒಂದು ನೆರಳಿರುತ್ತದೆ. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಐವರ್ ಲೋವಾಸ್ ಎಂಬವನು 1960ರ ದಶಕದಲ್ಲಿ, ಸ್ವಲೀನತೆ ಅಥವಾ ಆಟಿಸಂ ಎಂಬ ಸ್ಥಿತಿಯಲ್ಲಿರುವ ಮಕ್ಕಳನ್ನು ತಿದ್ದಲು ಕೆನ್ನೆಗೆ ಹೊಡೆಯುವುದನ್ನೂ ವಿದ್ಯುತ್ತಿನ ಆಘಾತವನ್ನೂ ಬಳಸಿದನು. 1965ರಲ್ಲಿ ‘ಲೈಫ್’ ಪತ್ರಿಕೆಯು ಅದನ್ನು ಚಿತ್ರಸಮೇತ ಪ್ರಕಟಿಸಿತು. ಅವನೇ 1987ರಲ್ಲಿ, ವಾರಕ್ಕೆ 40 ಗಂಟೆಗಳ ಶಿಕ್ಷಣ ಪಡೆದ 19 ಮಕ್ಕಳಲ್ಲಿ 9 ಮಕ್ಕಳು ಸಾಮಾನ್ಯ ಮಕ್ಕಳಂತೆ ಶಾಲೆಯಲ್ಲಿ ನಡೆದುಕೊಳ್ಳುವಂತಾದರೆಂದು ಸಾರಿದಾಗ, ಎಷ್ಟೋ ತಾಯಿತಂದೆಗಳಿಗೆ ಅದು ಆಶಾಕಿರಣವಾಗಿ ಕಂಡಿತು. 1972ರಲ್ಲಿ ಫ್ಲಾರಿಡಾ ಪ್ರಾಂತದ ಮಿಯಾಮಿಯ ಒಂದು ಸರಕಾರಿ ಆಶ್ರಯಧಾಮದಲ್ಲಿ, ವರ್ತನೆಯನ್ನು ತಿದ್ದುವ ಹೆಸರಿನಲ್ಲಿಯೇ ಅಲ್ಲಿಯ ನಿವಾಸಿಗಳನ್ನು ಹೊಡೆದು ಅವಮಾನಪಡಿಸುತ್ತಿದ್ದರೆಂದು ಬಯಲಾಯಿತು. ವಿದ್ಯುತ್ತಿನ ಆಘಾತವನ್ನು ತಾವು ವಿರೋಧಿಸುತ್ತೇವೆಂದು ಈ ವಿದ್ಯೆಯವರ ಅಂತರರಾಷ್ಟ್ರೀಯ ಸಂಘವು ವಿಧ್ಯುಕ್ತವಾಗಿ ಘೋಷಿಸಿದ್ದು 2022ರಲ್ಲಿ. ಇಷ್ಟು ಸರಳವಾದ ಮಾತಿಗೆ ಇಷ್ಟು ದೀರ್ಘಕಾಲ ಹಿಡಿಯಿತೇ ಎಂದು ಯಾರಿಗಾದರೂ ಅನಿಸದಿರದು.

ಇಲ್ಲಿ ಕಣ್ಣಿಗೆ ಬೀಳದ ಇನ್ನೊಂದು ನೋವೂ ಉಂಟು. ಬಾಲ್ಯದಲ್ಲಿ ಇಂಥ ಶಿಕ್ಷಣವನ್ನು ಪಡೆದು ಈಗ ಪ್ರೌಢರಾಗಿರುವ ಕೆಲವರು ತಾವೇ ಸಾಕ್ಷಿ ನುಡಿದಿದ್ದಾರೆ. ತಮ್ಮನ್ನು ಯಾರೂ ಹೊಡೆಯಲಿಲ್ಲ. ಸಿಹಿತಿಂಡಿಯನ್ನೂ ಹೊಗಳಿಕೆಯನ್ನೂ ಕೊಟ್ಟರು. ಆದರೆ ಕೈಯಾಡಿಸದೆ ಕೂಡುವಂತೆ, ಎದುರಿನವರ ಕಣ್ಣನ್ನೇ ನೋಡುವಂತೆ ಮಾಡಿದರು. ಕೈಯಾಡಿಸುವುದರಿಂದ ಯಾರಿಗೂ ಕೇಡಿರಲಿಲ್ಲ. ತಮಗೆ ಅದೊಂದು ಸಮಾಧಾನವಾಗಿತ್ತು. ಅದನ್ನು ಕಸಿದುಕೊಂಡದ್ದು ಯಾರ ಹಿತಕ್ಕಾಗಿ? ಈ ಪ್ರಶ್ನೆಗೆ ಅಳತೆಯ ಪಟ್ಟಿಯಲ್ಲಿ ಉತ್ತರವಿಲ್ಲ. ವಿಧಾನವು ಮೃದುವಾದ ಮಾತ್ರಕ್ಕೆ ಗುರಿಯು ಧರ್ಮ್ಯವಾಗುವುದಿಲ್ಲ.

ಇದಕ್ಕೆ ಪ್ರತಿಯಾಗಿ ಸ್ಕಿನ್ನರನ ಪಕ್ಷದವರು ಒಂದು ಬಲವಾದ ವಾದವನ್ನು ಹೂಡುತ್ತಾರೆ. ಒಬ್ಬರ ನಡೆಯನ್ನು ಇನ್ನೊಬ್ಬರು ರೂಪಿಸದೆ ಇರುವುದು ಸಾಧ್ಯವೇ? ತಾಯಿಯ ನಗೆ, ತಂದೆಯ ಮುನಿಸು, ಗುರುವಿನ ಮೌನ, ನೆರೆಯವರ ಮಾತು ಎಲ್ಲವೂ ಮಗುವನ್ನು ರೂಪಿಸುತ್ತಲೇ ಇವೆ. ಅರಿಯದೆ ರೂಪಿಸುವುದಕ್ಕಿಂತ ಅರಿತು ರೂಪಿಸುವುದು ಮೇಲಲ್ಲವೇ? ಈ ವಾದದಲ್ಲಿ ಸತ್ಯಾಂಶವಿದೆ. ರಕ್ತ ಸುರಿಯುವಂತೆ ತಲೆ ಬಡಿದುಕೊಳ್ಳುವ ಮಗುವಿನ ಮುಂದೆ ಕೈಕಟ್ಟಿ ನಿಂತು, ‘ನಾನು ಯಾರ ಸ್ವಾತಂತ್ರ್ಯಕ್ಕೂ ಅಡ್ಡಬರುವವನಲ್ಲ’ ಎನ್ನುವುದು ವೈರಾಗ್ಯವಲ್ಲ, ನಿರ್ದಯತೆ. ಆದರೆ ಎಲ್ಲರೂ ರೂಪಿಸುತ್ತಾರೆ ಎಂಬ ಮಾತಿನಿಂದ, ಯಾವ ರೂಪವನ್ನಾದರೂ ಕೊಡಬಹುದು ಎಂಬ ನಿರ್ಣಯವು ಹೊರಡುವುದಿಲ್ಲ. ಎಲ್ಲರೂ ಮಾತನಾಡುತ್ತಾರೆಂದು ಸುಳ್ಳಾಡಲು ಅಪ್ಪಣೆ ದೊರೆತಂತಾಗುವುದೇ? ಕಾಣದೆ ಕೈಯಾಡಿಸುವವನಿಗಿಂತ ಕಂಡು ಕೈಯಿಡುವವನ ಹೊಣೆಯು ಹೆಚ್ಚಿನದು. ಜ್ಞಾನವು ಅಧಿಕಾರವನ್ನು ಕೊಡುವುದಕ್ಕೆ ಮೊದಲು ಋಣವನ್ನು ಹೊರಿಸುತ್ತದೆ.

ಪ್ರಕೃತ, ಈ ಋಣವನ್ನು ಹೊತ್ತ ಅಧ್ಯಾಪಕನನ್ನೂ ಅಧ್ಯಯನ ವಿಭಾಗದ ನಿರ್ದೇಶಕನನ್ನೂ ನೋಡೋಣ. ಫ್ಲಾರಿಡಾದ ಆ ಹಗರಣದ ತರುವಾಯ ಅಲ್ಲಿ ನಿಯಮಗಳೂ ಪರೀಕ್ಷೆಗಳೂ ಹುಟ್ಟಿ, ಅದರ ಮುಂದುವರಿಕೆಯಾಗಿ 1998ರಲ್ಲಿ ಅಮೇರಿಕೆಯಲ್ಲಿ ಒಂದು ಪ್ರಮಾಣಪತ್ರ ಮಂಡಳಿಯು ಸ್ಥಾಪನೆಯಾಯಿತು. ಸ್ನಾತಕೋತ್ತರ ಪದವಿ, ಗೊತ್ತುಪಡಿಸಿದ ಪಾಠಗಳು, ಅನುಭವಿಗಳ ಮೇಲ್ವಿಚಾರಣೆಗೆ ಒಳಪಟ್ಟ ಸಾಮಾನ್ಯವಾಗಿ 2000 ಗಂಟೆಗಳ ಕ್ಷೇತ್ರಕಾರ್ಯ, ಕೊನೆಗೆ ಒಂದು ಪರೀಕ್ಷೆ: ಇವನ್ನು ದಾಟಿದವನೇ ಈ ಕಾಯಕಕ್ಕೆ ಅರ್ಹನು. ಯಾವ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಎಷ್ಟು ಮಂದಿ ತೇರ್ಗಡೆಯಾದರೆಂಬುದನ್ನು ಮಂಡಳಿಯು ಪ್ರಕಟಿಸುತ್ತ ಬಂದಿದೆ. ನಿರ್ದೇಶಕನಿಗೆ ಆ ಅಂಕಿಯೇ ಫಲ, ಅದೇ ಕೀರ್ತಿ. ಫಲವು ನಡೆಯನ್ನು ರೂಪಿಸುತ್ತದೆಂದು ಕಲಿಸುವವನೇ ಆ ಅಂಕಿಯ ಆಸೆಗೆ ತನ್ನ ನಡೆಯನ್ನು ಒಪ್ಪಿಸಿಬಿಡುವ ಅಪಾಯ ಇಲ್ಲಿದೆ. ಪರೀಕ್ಷೆಯು ಕೇಳುವುದನ್ನೇ ಕಲಿಸಿದರೆ ಅಂಕಿ ಏರುತ್ತದೆ. ಕೇಳದೆ ಬಿಟ್ಟ ದಯೆಯು ಪಾಠದಿಂದ ಜಾರುತ್ತದೆ.

ಕಲಿಸುವ ಬಗೆಯಲ್ಲಿಯೂ ಇದೇ ಪರೀಕ್ಷೆ. 1968ರ ಅದೇ ಮೊದಲ ಸಂಪುಟದಲ್ಲಿ ಫ್ರೆಡ್ ಕೆಲ್ಲರ್ ಎಂಬ ಹಿರಿಯ ಅಧ್ಯಾಪಕನು ಒಂದು ಬೋಧನಕ್ರಮವನ್ನು ವಿವರಿಸಿದನು. ಪಾಠವನ್ನು ಚಿಕ್ಕ ಭಾಗಗಳಾಗಿ ಮಾಡಿ, ಒಂದು ಭಾಗವು ಪೂರ್ಣವಾಗಿ ಬಂದ ಮೇಲೆಯೇ ಮುಂದಿನದಕ್ಕೆ ಹೋಗಬೇಕು; ಪ್ರತಿಯೊಬ್ಬನೂ ತನ್ನ ವೇಗದಲ್ಲಿ ನಡೆಯಬಹುದು; ಎಡವಿದವನಿಗೆ ದಂಡವಿಲ್ಲ, ಮತ್ತೊಂದು ಅವಕಾಶವಿದೆ. ವಿದ್ಯಾರ್ಥಿಯು ಕಲಿಯದಿದ್ದರೆ ಕಲಿಸುವ ಕ್ರಮದಲ್ಲಿ ದೋಷವಿರಬೇಕೆಂಬುದು ಈ ಪಂಥದ ನಂಬಿಕೆ. ತರಗತಿಯಲ್ಲಿ ಬೆದರಿಸಿ ಕಲಿಸುವವನು ಪುಸ್ತಕದಿಂದ ಮಮತೆಯನ್ನು ಓದಿಸಿದರೂ, ವಿದ್ಯಾರ್ಥಿಯು ಕಲಿಯುವುದು ಬೆದರಿಕೆಯನ್ನೇ. ಗುರುವಿನ ನಡೆಯೇ ಮೊದಲ ಪಠ್ಯ.

ಹಾಗಾದರೆ ಎಲ್ಲರನ್ನೂ ಕರುಣೆಯಿಂದ ಮುಂದಕ್ಕೆ ಕಳುಹಿಸಬೇಕೇ? ಒಬ್ಬ ವಿದ್ಯಾರ್ಥಿಯನ್ನು ಊಹಿಸಿಕೊಳ್ಳೋಣ. ಪರೀಕ್ಷೆಯಲ್ಲಿ ಅವನೇ ಮೊದಲಿಗ. ಲೆಕ್ಕ ಬರೆಯುವುದರಲ್ಲಿ ತಪ್ಪಿಲ್ಲ. ಶುಲ್ಕಕ್ಕಾಗಿ ಸಾಲ ಮಾಡಿದ್ದಾನೆ. ಆದರೆ ಮಗುವು ಅತ್ತು ಮುಖ ತಿರುಗಿಸಿದಾಗ ಅವನಿಗೆ ಅದು ಕಾಣುವುದಿಲ್ಲ. ಅವನಿಗೆ ಕಾಣುವುದು ಮುಗಿಯದ ಪಾಠ. ಅವನಿಗೆ ಸಹಿ ಹಾಕಿಕೊಟ್ಟರೆ ಅವನ ಮೇಲೆ ದಯೆ ತೋರಿದಂತಾಗುವುದು. ಆದರೆ ಅವನ ಕೈಗೆ ಮುಂದೆ ಬರಲಿರುವ ಮಕ್ಕಳು ನಿರ್ದೇಶಕನ ಕೋಣೆಯಲ್ಲಿಲ್ಲ, ಅವರ ಪರವಾಗಿ ನುಡಿಯುವವರೂ ಇಲ್ಲ. ಎದುರಿಗೆ ನಿಂತವನ ಕಣ್ಣೀರು ಕಾಣುತ್ತದೆ, ದೂರದವರದು ಕಾಣುವುದಿಲ್ಲ. ಕಾಣದವರ ನೋವನ್ನೂ ತೂಗಿ ನೋಡಬಲ್ಲವನೇ ಆ ಪೀಠಕ್ಕೆ ಯೋಗ್ಯನು. ಆ ವಿದ್ಯಾರ್ಥಿಯನ್ನು ದೂಡಿಬಿಡುವುದೂ ಧರ್ಮವಲ್ಲ. ಹತ್ತಿರ ಕುಳ್ಳಿರಿಸಿಕೊಂಡು, ಮಗುವಿನ ಮುಖವನ್ನು ಓದುವುದನ್ನು ಮತ್ತೆ ಮೊದಲಿನಿಂದ ಕಲಿಸಬೇಕು. ಕಲಿಯುವವರೆಗೆ ಸಹಿ ಹಾಕಬಾರದು.

ಈ ಮಾತನ್ನು ಆ ವಿದ್ಯೆಯವರೇ ಕಂಡುಕೊಂಡದ್ದು ಸಂತೋಷದ ವಿಷಯ. ಮೇಲೆ ಹೇಳಿದ ಮಾಂಟ್ರೋಸ್ ವುಲ್ಫನು 1978ರಲ್ಲಿ ಒಂದು ಲೇಖನವನ್ನು ಬರೆದು, ನಾವು ಹಿಡಿದ ಗುರಿಯು ಜನರಿಗೆ ಬೇಕಾದುದೇ, ನಮ್ಮ ವಿಧಾನವು ಅವರಿಗೆ ಒಪ್ಪಿಗೆಯೇ, ಬಂದ ಫಲದಿಂದ ಅವರಿಗೆ ತೃಪ್ತಿಯೇ ಎಂದು ಕೇಳಬೇಕೆಂದು ವಾದಿಸಿದನು. ಅಳತೆಯನ್ನೇ ನಂಬಿದ ಶಾಸ್ತ್ರವು, ಸೇವೆ ಪಡೆಯುವವರ ಮನಸ್ಸನ್ನು ಕೇಳಲು ಅಂದು ತಲೆಬಾಗಿತು. 2022ರ ಜನವರಿಯಿಂದ ಜಾರಿಗೆ ಬಂದ ಮಂಡಳಿಯ ನೀತಿಸಂಹಿತೆಯು ಕರುಣೆ ಗೌರವಗಳನ್ನು ಮೂಲತತ್ತ್ವಗಳಲ್ಲಿ ಸೇರಿಸಿ, ತಾನಾಗಿ ಕಾನೂನಿನ ಸಮ್ಮತಿ ಕೊಡಲಾರದವನ ಒಪ್ಪಿಗೆಯನ್ನೂ ಸಾಧ್ಯವಿದ್ದಲ್ಲಿ ಪಡೆಯಬೇಕೆಂದು ಹೇಳುತ್ತದೆ.

ಮಾತು ಬಾರದ ಮಗುವು ಒಪ್ಪಿಗೆಯನ್ನು ಹೇಗೆ ತಿಳಿಸೀತು? ಕುರ್ಚಿಯಿಂದ ಏಳುವುದು, ಮುಖ ತಿರುಗಿಸುವುದು, ಕೈಯಲ್ಲಿದ್ದುದನ್ನು ತಳ್ಳುವುದು ಇವೇ ಅದರ ‘ಬೇಡ’. ಹತ್ತಿರ ಬರುವುದು, ತಾನೇ ಕೈಚಾಚುವುದು ಇವೇ ಅದರ ‘ಆಗಲಿ’. ನಡೆಯೇ ಇಲ್ಲಿ ನುಡಿ. ನಡೆಯನ್ನು ಓದುವುದನ್ನೇ ಬಾಳಿನ ವಿದ್ಯೆಯಾಗಿ ಮಾಡಿಕೊಂಡವರಿಗಿಂತ ಚೆನ್ನಾಗಿ ಈ ನುಡಿಯನ್ನು ಯಾರು ಕೇಳಬಲ್ಲರು? ಹಿಂದೆ ಅದನ್ನು ಅಡ್ಡಿಯೆಂದು ಎಣಿಸಿ ಮುರಿದ ವಿದ್ಯೆಯೇ ಇಂದು ಅದನ್ನು ಅಪ್ಪಣೆಯೆಂದು ತಲೆಯ ಮೇಲೆ ಹೊತ್ತುಕೊಳ್ಳಬಲ್ಲದು.

ಪರರನ್ನು ತಿದ್ದುವ ಅಧಿಕಾರವು ಪದವಿಯಿಂದಾಗಲಿ ಪ್ರಮಾಣಪತ್ರದಿಂದಾಗಲಿ ಪೂರ್ಣವಾಗಿ ಬರುವುದಿಲ್ಲ. ತಿದ್ದಲ್ಪಡುವವನ ‘ಬೇಡ’ವನ್ನು ಕೇಳಿ ತನ್ನ ಕೈಯನ್ನು ಹಿಂದೆಗೆಯಬಲ್ಲವನಿಗೆ ಮಾತ್ರ ಅದು ಸಲ್ಲುತ್ತದೆ. ತಾನು ತಿದ್ದಿಕೊಳ್ಳಲು ಸಿದ್ಧನಾದವನ ಕೈಯಲ್ಲಿ ಈ ವಿದ್ಯೆಯು ದೀಪ. ಅಲ್ಲದವನ ಕೈಯಲ್ಲಿ ಅದೇ ಬೆಂಕಿ.