ಹೇಳದೆ ತಪ್ಪುವ ದಾರಿ

ಮದ್ದೂರಿನ ತಾಲ್ಲೂಕು ಕಚೇರಿಯಲ್ಲಿ ಪಹಣಿ ಕೈಗೆ ಬಂದೊಡನೆ ರೈತ ಮೊದಲು ಹುಡುಕುವುದು ತನ್ನ ಹೆಸರನ್ನು, ಆಮೇಲೆ ವಿಸ್ತೀರ್ಣವನ್ನು. ಹದಿನೈದು ಗುಂಟೆ ಎಂದಿದ್ದರೆ ಸಮಾಧಾನ. ಕೈಬರಹದ ಪಹಣಿಯನ್ನು ಕಂಪ್ಯೂಟರಿಗೆ ತಂದ ‘ಭೂಮಿ’ ಯೋಜನೆ ಮೊದಮೊದಲು ಪ್ರಯೋಗಕ್ಕೆ ಬಂದ ತಾಲ್ಲೂಕುಗಳಲ್ಲಿ ಮದ್ದೂರೂ ಒಂದು. ಆಗ ತಾಲ್ಲೂಕಿನ ದಾಖಲೆ ತಾಲ್ಲೂಕು ಕಚೇರಿಯ ಯಂತ್ರದಲ್ಲೇ ಇತ್ತು. ಈಗ ಮಂಡ್ಯವಾಗಲಿ ಮಳವಳ್ಳಿಯಾಗಲಿ, ಆ ಹದಿನೈದು ಗುಂಟೆ ಬೆಂಗಳೂರಿನ ದತ್ತಾಂಶ ಕೇಂದ್ರದಿಂದ ತಂತಿ ಹಿಡಿದು ಬರಬೇಕು.

ಆ ದಾರಿಯನ್ನು ಎಷ್ಟು ನಂಬಬಹುದು? 1980ರ ದಶಕದಲ್ಲಿ ಕಂಪ್ಯೂಟರುಗಳ ಸಂಪರ್ಕಕ್ಕೆ ಅಂತಾರಾಷ್ಟ್ರೀಯ ನಿಯಮ ಬರೆದವರು ಕೇಳಿಕೊಂಡದ್ದೂ ಇದನ್ನೇ. ಅವರು ಜಾಲಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ‘ಎ’ ಬಗೆಯದು ತಪ್ಪುವುದೇ ಅಪರೂಪ. ‘ಬಿ’ ಬಗೆಯದು ಆಗಾಗ ಕಡಿಯುತ್ತದೆ, ಆದರೆ ಕಡಿದಾಗ ‘ಕಡಿಯಿತು’ ಎಂದು ತಿಳಿಸುತ್ತದೆ. ‘ಸಿ’ ಬಗೆಯದು ಸಾಮಾನನ್ನು ಕಳೆಯುತ್ತದೆ, ಕೆಡಿಸುತ್ತದೆ, ಹಿಂದುಮುಂದು ಮಾಡುತ್ತದೆ. ಆದರೂ ಬಾಯಿ ಬಿಡುವುದಿಲ್ಲ.

ದಾರಿಗೆ ತಕ್ಕಂತೆ ಎಚ್ಚರ. ಸೊನ್ನೆಯಿಂದ ನಾಲ್ಕರವರೆಗೆ ಐದು ದರ್ಜೆಯ ಸಾಗಣೆ ಕ್ರಮಗಳಿದ್ದವು. ‘ಎ’ ಬಗೆಗೆ ಸರಳ ಕ್ರಮವೇ ಸಾಕು. ‘ಬಿ’ ಬಗೆಗೆ, ಕಡಿದಲ್ಲಿಂದ ಮತ್ತೆ ಹಿಡಿದು ಮುಂದುವರಿಸುವ ಜಾಣ್ಮೆ ಬೇಕು. ‘ಸಿ’ ಬಗೆಗೆ ಮಾತ್ರ ನಾಲ್ಕನೆಯ ದರ್ಜೆಯೇ ಗತಿ: ಪ್ರತಿ ತುಂಡಿಗೂ ಕ್ರಮಸಂಖ್ಯೆ, ಜೊತೆಗೊಂದು ತಾಳೆಮೊತ್ತ (ಚೆಕ್‌ಸಮ್), ‘ಮುಟ್ಟಿತು’ ಎಂಬ ಉತ್ತರ ಹೊತ್ತಿಗೆ ಬಾರದಿದ್ದರೆ ಮತ್ತೆ ಕಳಿಸುವ ತಾಳ್ಮೆ. ಇಂದಿನ ಇಂಟರ್ನೆಟ್ಟು ಮೂಲತಃ ‘ಸಿ’ ಬಗೆಯದೇ. ಅದರ ಮೇಲೆ ನಮ್ಮ ಪಹಣಿ ನೆಟ್ಟಗೆ ಬಂದು ಸೇರುತ್ತಿದ್ದರೆ ಅದು ನಡುದಾರಿಯ ಪುಣ್ಯವಲ್ಲ, ಎರಡು ತುದಿಗಳೂ ಕಾಯುತ್ತಿರುವ ಎಚ್ಚರ.

ನಮ್ಮ ಕಂದಾಯ ಇಲಾಖೆಗೆ ತಾಳೆಮೊತ್ತ ಹೊಸದಲ್ಲ. ಒಂದು ಸರ್ವೆ ನಂಬರಿನ ಹಿಸ್ಸೆಗಳನ್ನೆಲ್ಲ ಕೂಡಿದರೆ ಬರುವ ವಿಸ್ತೀರ್ಣ, ಸರ್ವೆ ದಾಖಲೆಯಾದ ಆಕಾರಬಂದಿನ ವಿಸ್ತೀರ್ಣಕ್ಕೆ ತಾಳೆಯಾಗಬೇಕು. ಹದಿನೈದು ಗುಂಟೆ ತಿರುವುಮುರುವಾಗಿ ಐವತ್ತೊಂದಾದರೆ ನೋಡಿದ ಕೂಡಲೇ ಸಿಕ್ಕಿಬೀಳುತ್ತದೆ; ನಲವತ್ತು ಗುಂಟೆಗೇ ಎಕರೆಯಾಗುತ್ತದಲ್ಲ! ಹದಿಮೂರಾದರೆ ಕಣ್ಣಿಗೆ ಬೀಳದು, ಆಕಾರಬಂದಿನ ತಾಳೆಗೆ ಸಿಗುತ್ತದೆ. ಆದರೆ ಅಣ್ಣನ ಹದಿನೈದು ತಮ್ಮನಿಗೂ ತಮ್ಮನ ಹತ್ತು ಅಣ್ಣನಿಗೂ ಅದಲುಬದಲಾದರೆ? ಮೊತ್ತ ಅಷ್ಟೇ ಇರುತ್ತದೆ. ತಾಳೆ ಸರಿ ಎನ್ನುತ್ತದೆ, ಮನೆಯಲ್ಲಿ ಜಗಳ ಹುಟ್ಟುತ್ತದೆ. ಇಂಟರ್ನೆಟ್ಟಿನ ತಾಳೆಮೊತ್ತಕ್ಕೂ ಇದೇ ಮಿತಿ: ಕೂಡಿದ್ದು ಸರಿಯಿದೆಯೇ ಎಂದು ನೋಡಬಲ್ಲದು, ಅದಲುಬದಲನ್ನು ಕಾಣಲಾರದು.

ಬದುಕಿನಲ್ಲೂ ನಾವು ‘ಬಿ’ ಬಗೆಯವರನ್ನು ಬೈಯುತ್ತೇವೆ. ‘ಇವತ್ತು ಆಗಲಿಲ್ಲ, ನಾಳೆ ಬನ್ನಿ’ ಎಂದು ಮುಖಕ್ಕೆ ಹೇಳುವ ಗುಮಾಸ್ತರ ಮೇಲೆ ನಮಗೆ ಸಿಟ್ಟು. ‘ಆಗುತ್ತೆ ಬಿಡಿ’ ಎಂದು ಅರ್ಜಿಯನ್ನು ಕಡತದೊಳಗೆ ಮಲಗಿಸುವವರು ನಮಗೆ ಒಳ್ಳೆಯವರು. ಹೇಳಿ ತಪ್ಪುವವರನ್ನು ನೆಚ್ಚಿ ಬಾಳಬಹುದು. ಹೇಳದೆ ತಪ್ಪುವವರ ಹತ್ತಿರ ಪ್ರತಿ ಮಾತಿಗೂ ಲೆಕ್ಕ ಇಡಬೇಕಾಗುತ್ತದೆ.

ತಂತಿಯ ಕೊನೆ ಕಂಪ್ಯೂಟರಿನಲ್ಲಿ ಇಲ್ಲ, ಕೌಂಟರಿನಾಚೆ ನಿಂತ ರೈತನ ಕಣ್ಣಿನಲ್ಲಿದೆ. ಹಿಸ್ಸೆ ಯಾರದು, ಗುಂಟೆ ಎಷ್ಟು ಎಂದು ಬಲ್ಲವನು ಅವನೊಬ್ಬನೇ. ಹಿಂದೆ ಸರತಿ ಎಷ್ಟೇ ಉದ್ದವಿರಲಿ, ಓದಿ ನೋಡಲು ಅವನಿಗೆ ಒಂದು ನಿಮಿಷ ಬಿಡಿ. ಓದು ಬಾರದವನಿಗೆ ಓದಿ ಹೇಳಿ. ಅವನು ‘ಸರಿಯಿದೆ ಸ್ವಾಮಿ’ ಎಂದ ಮೇಲೆಯೇ ಆ ಹದಿನೈದು ಗುಂಟೆ ಬಂದು ಮುಟ್ಟಿದ್ದು.