ಸಾಕುವುದು, ಸಾಕೆನ್ನುವುದು

ಕಡಲ ದಂಡೆಗೆ ಹೋದವರು ಬರಿಗೈಯಲ್ಲಿ ಹಿಂದಿರುಗುವುದು ಅಪರೂಪ. ಮಕ್ಕಳು ಕಪ್ಪೆಚಿಪ್ಪು ಆಯುತ್ತಾರೆ. ಮಕ್ಕಳಿಗಾಗಿ ಎಂಬ ನೆಪದಲ್ಲಿ ದೊಡ್ಡವರೂ ನಾಲ್ಕು ಆಯುತ್ತಾರೆ. ಶಂಖವನ್ನು ಕಿವಿಗೆ ಹಿಡಿದು, ಅದರೊಳಗೆ ಸಮುದ್ರ ಇನ್ನೂ ಮೊರೆಯುತ್ತಿದೆಯೆಂದು ನಂಬುವ ಮನಸ್ಸು ನಮ್ಮೆಲ್ಲರಲ್ಲೂ ಇದೆ. ಅಷ್ಟು ದೊಡ್ಡದನ್ನು ಕಂಡಾಗ ಅದರ ಒಂದು ಚೂರನ್ನಾದರೂ ತನ್ನದಾಗಿ ಮಾಡಿಕೊಳ್ಳಬೇಕೆಂಬ ಆಸೆ ಸಹಜವಾದದ್ದೇ. ಚಿಪ್ಪು ಜೀವವಿಲ್ಲದ ವಸ್ತು. ತಂದು ಮೇಜಿನ ಮೇಲಿಟ್ಟರೆ ಅಲ್ಲಿಗೆ ಮುಗಿಯಿತು. ಆದರೆ ಬದುಕಿರುವುದನ್ನೇ ತರಬೇಕೆನಿಸಿದರೆ? ಹವಳ, ಅದರ ಸಂದಿಗಳಲ್ಲಿ ಸುಳಿದಾಡುವ ಮೀನು, ಸೀಗಡಿ, ಬಸವನಹುಳು ಇವನ್ನೆಲ್ಲ ಉಪ್ಪುನೀರು ತುಂಬಿದ ಗಾಜಿನ ತೊಟ್ಟಿಯಲ್ಲಿಟ್ಟು ನಡುಮನೆಯಲ್ಲಿ ಸಾಕುವ ಹವ್ಯಾಸ ಈಗ ನಮ್ಮ ಊರುಗಳಿಗೂ ಬಂದಿದೆ. ಅದನ್ನು ಹೇಗೆ ಆರಂಭಿಸಬೇಕೆಂದು ಕೇಳುವವರು ಹಲವರು; ಆರಂಭಿಸಬಹುದೆ ಎಂದು ಕೇಳುವವರು ಕಡಿಮೆ. ಇವೆರಡೂ ಬೇರೆ ಬೇರೆ ಪ್ರಶ್ನೆಗಳೆಂದು ತೋರಿದರೂ, ಮೊದಲನೆಯದಕ್ಕೆ ಪ್ರಾಮಾಣಿಕವಾಗಿ ಉತ್ತರ ಹುಡುಕುವವನು ಎರಡನೆಯದರ ಬಾಗಿಲಿಗೇ ಬಂದು ನಿಲ್ಲುತ್ತಾನೆಂದು ನನ್ನ ಭಾವನೆ.

ಹೇಗೆ ಎಂಬುದನ್ನೇ ಮೊದಲು ನೋಡೋಣ. ಇನ್ನೂರು ಲೀಟರಿನ ತೊಟ್ಟಿಯೆಂದುಕೊಳ್ಳಿ. ಕಡಲ ನೀರಿನಲ್ಲಿ ಸಾವಿರ ಪಾಲಿಗೆ ಸುಮಾರು 35 ಪಾಲು ಉಪ್ಪು. ಎಂದರೆ ಈ ತೊಟ್ಟಿಗೆ ಹೆಚ್ಚುಕಡಮೆ 7 ಕಿಲೋ ಬೇಕು. ಅದು ಅಡುಗೆಯ ಉಪ್ಪಾದರೆ ನಡೆಯದು. ಸುಣ್ಣ, ಮೆಗ್ನೀಸಿಯಂ ಮೊದಲಾದ ಹತ್ತಾರು ಅಂಶಗಳು ಕಡಲಿನಲ್ಲಿರುವ ಪ್ರಮಾಣದಲ್ಲಿಯೇ ಸೇರಿದ ಉಪ್ಪಾಗಬೇಕು. ನಲ್ಲಿಯ ನೀರೂ ಆಗದು. ಅದರಲ್ಲಿ ಕ್ಲೋರೀನ್ ಇರುತ್ತದೆ. ಕೊಳವೆಯಿಂದ ತಾಮ್ರದ ಲೇಶ ಬೆರೆತಿದ್ದರಂತೂ ಸೀಗಡಿಗೂ ಹವಳಕ್ಕೂ ವಿಷವೇ ಸರಿ. ಶಾಖ 25–26 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಹವಳದ ಮೈಯಲ್ಲಿ ಕಣ್ಣಿಗೆ ಕಾಣದ ಪಾಚಿಗಳು ಮನೆಮಾಡಿಕೊಂಡು, ಬೆಳಕಿನಿಂದ ಆಹಾರ ತಯಾರಿಸಿ ಬಾಡಿಗೆ ಕೊಟ್ಟಂತೆ ಹವಳಕ್ಕೆ ಒಪ್ಪಿಸುತ್ತವೆ. ಆದುದರಿಂದ ಅವಕ್ಕೆ ಒಪ್ಪುವ ಬೆಳಕು ಬೇಕು; ಎಡೆಬಿಡದೆ ನೀರು ಚಲಿಸುತ್ತಿರಬೇಕು. ಇನ್ನೊಂದು ವಿಚಿತ್ರ: ತೊಟ್ಟಿಯಿಂದ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲಿಯೇ ಉಳಿಯುತ್ತದೆ. ಕಡಮೆಯಾದುದನ್ನು ಉಪ್ಪುನೀರಿನಿಂದ ತುಂಬುತ್ತ ಹೋದರೆ ಕೆಲವು ವಾರಗಳಲ್ಲಿ ಮೀನಿಗೆ ಉಪ್ಪಿನಕಾಯಿಯ ಗತಿ. ಸಿಹಿನೀರನ್ನೇ ಸೇರಿಸಬೇಕು. ಚಿಕ್ಕ ತೊಟ್ಟಿ ಸುಲಭವೆಂದು ಹೊಸಬರು ಎಣಿಸುತ್ತಾರೆ. ನಿಜ ಅದಕ್ಕೆ ತಿರುಗುಮುರುಗು. ನೀರು ಹೆಚ್ಚಿದ್ದಷ್ಟೂ ಶಾಖವೂ ಉಪ್ಪೂ ನಿಧಾನವಾಗಿ ಬದಲಾಗುತ್ತವೆ, ತಿದ್ದಿಕೊಳ್ಳಲು ಕಾಲಾವಕಾಶವಿರುತ್ತದೆ. ಚಿಕ್ಕ ತೊಟ್ಟಿ ಕ್ಷಮಿಸುವುದಿಲ್ಲ.

ಇಷ್ಟನ್ನೆಲ್ಲ ಕೊಂಡು ಜೋಡಿಸುವುದು ಒಂದು ವಾರದ ಕೆಲಸ. ನಿಜವಾದ ಆರಂಭ ಅನಂತರದ್ದು. ಅದು ಏನನ್ನೂ ಮಾಡದೆ ಕಾಯುವುದು. ಮೀನಿನ ಹೇಲು, ತಿಂದುಳಿದ ಆಹಾರ ಕೊಳೆತರೆ ಅಮೋನಿಯ ಹುಟ್ಟುತ್ತದೆ; ಅದು ಮೀನಿಗೆ ವಿಷ. ಅಪಾರವಾದ ಕಡಲಿನಲ್ಲಿ ಅದು ಕರಗಿಹೋಗುತ್ತದೆ, ಗಾಜಿನ ನಾಲ್ಕು ಗೋಡೆಗಳ ನಡುವೆ ಎಲ್ಲಿಗೆ ಹೋದೀತು? ಒಂದು ಜಾತಿಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟಾಗಿ ಬದಲಿಸುತ್ತದೆ. ಇನ್ನೊಂದು ಜಾತಿ ಆ ನೈಟ್ರೈಟನ್ನು ಅಷ್ಟೇನೂ ಕೇಡಿಲ್ಲದ ನೈಟ್ರೇಟಾಗಿ ಮಾಡುತ್ತದೆ. ಮಣ್ಣಿನಲ್ಲಿ ನಡೆಯುವ ಈ ವ್ಯಾಪಾರವನ್ನು ರಷ್ಯದ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ವಿವರಿಸಿದನು. ಈ ಅಗೋಚರ ಜೀವಿಗಳು ಕಲ್ಲು ಮರಳುಗಳ ಮೇಲೆ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ತೊಟ್ಟಿಗೆ ಚಿಟಿಕೆ ಮೀನಿನ ಆಹಾರವನ್ನೋ ತುಸು ಅಮೋನಿಯವನ್ನೋ ಹಾಕಿ, ದಿನ ಬಿಟ್ಟು ದಿನ ನೀರನ್ನು ಪರೀಕ್ಷಿಸುತ್ತ ಕುಳಿತಿರಬೇಕು. ಮನೆಗೆ ಬಂದ ನೆಂಟರು, “ದೀಪ ಉರಿಯುತ್ತಿದೆ, ನೀರು ಓಡುತ್ತಿದೆ, ಮೀನೆಲ್ಲಿ?” ಎಂದು ಕೇಳುತ್ತಾರೆ. “ಇನ್ನೂ ಬಂದಿಲ್ಲ” ಎಂದರೆ, ಇವರಿಗೆ ಏನೋ ಆಗಿದೆ ಎಂಬಂತೆ ಮುಖ ನೋಡುತ್ತಾರೆ.

ಹೊಸಬರ ತೊಟ್ಟಿಗಳಲ್ಲಿ ಮೀನು ಸಾಯಲು ಈ ವಾರಗಳನ್ನು ಕಾಯದಿರುವುದೇ ಮುಖ್ಯ ಕಾರಣ. ಅವಸರವನ್ನು ನಾವು ಸಾಮಾನ್ಯವಾಗಿ ದೋಷವೆಂದು ಎಣಿಸುವುದಿಲ್ಲ, ಸ್ವಭಾವವೆನ್ನುತ್ತೇವೆ. ಅನ್ನ ಬೇಯುವ ಮೊದಲೇ ಇಳಿಸಿದವನು ಅರೆಬೆಂದ ಅಗುಳನ್ನು ತಾನೇ ಉಣ್ಣುತ್ತಾನೆ. ಅದು ಅವನ ಪಾಡು. ಆದರೆ ಅವಸರ ನನ್ನದು, ಅದರ ಬೆಲೆ ತೆರುವುದು ಇನ್ನೊಂದು ಜೀವ ಎಂದಾಗ ಅದು ಬರಿಯ ಸ್ವಭಾವವಾಗಿ ಉಳಿಯುವುದಿಲ್ಲ. ಧರ್ಮಾಧರ್ಮಗಳ ವಿಚಾರ ಹುಟ್ಟುವುದು ಇಲ್ಲಿಯೇ. ಪ್ರೀತಿಪಾತ್ರವಾದ ಮೀನು ಕಣ್ಣಿಗೆ ಬೀಳುವ ಮೊದಲು, ಪ್ರೀತಿ ಹುಟ್ಟಿಸದ, ಕಣ್ಣಿಗೇ ಕಾಣದ ಬ್ಯಾಕ್ಟೀರಿಯದ ಸೇವೆಯನ್ನು ಒಂದೂವರೆ ತಿಂಗಳು ಮಾಡಬೇಕು. ಇಲ್ಲಿ ಅಕ್ಕರೆಗಿಂತ ಮೊದಲು ಕರ್ತವ್ಯ ಬರುತ್ತದೆ.

ಈ ಕರ್ತವ್ಯವನ್ನು ಮಾಡುವವರು ಯಾರು ಎಂಬುದೂ ಯೋಚಿಸತಕ್ಕ ಮಾತು. 1846ರಲ್ಲಿ ಆನಾ ಥಿನ್ ಎಂಬ ಇಂಗ್ಲೆಂಡಿನ ಮಹಿಳೆ ಟಾರ್ಕಿಯ ಕಡಲ ತೀರದಿಂದ ಕಲ್ಲುಹವಳಗಳನ್ನು ಲಂಡನ್ನಿನ ತಮ್ಮ ಮನೆಗೆ ಒಯ್ದರು. ನೀರಿಗೆ ಗಾಳಿ ಬೆರೆಯದಿದ್ದರೆ ಅವು ಬದುಕವು. ಪಂಪು, ವಿದ್ಯುತ್ತು ಇಲ್ಲದ ಕಾಲ. ತೆರೆದ ಕಿಟಕಿಯ ಬಳಿ ನಿಂತು ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯಬೇಕು. ದಿನಾಲೂ ಅರ್ಧ ಮುಕ್ಕಾಲು ಗಂಟೆ ಈ ಕೆಲಸ ಮಾಡಿದವಳು ಮನೆಯ ಕೆಲಸದಾಕೆ. ಮುಂದೆ ಕಡಲ ಸಸ್ಯಗಳನ್ನು ಜೊತೆಗಿಟ್ಟು ಅವುಗಳಿಂದಲೇ ನೀರು ಶುದ್ಧವಾಗುವಂತೆ ಮಾಡಿ, ಆ ಒಡತಿ ಹವಳಗಳನ್ನು ಮೂರು ವರ್ಷದಷ್ಟು ಕಾಲ ಉಳಿಸಿಕೊಂಡರು. ಅದು ದೊಡ್ಡ ಸಾಧನೆ, ಕೀರ್ತಿ ಸಲ್ಲತಕ್ಕದ್ದೇ. ಆದರೂ ಓದುವಾಗ ನನ್ನ ಮನಸ್ಸು ಹೋಗುವುದು ಆ ಕಿಟಕಿಯ ಕಡೆಗೆ. ಕೀರ್ತಿ ಒಬ್ಬರಿಗೆ, ತೋಳಿನ ನೋವು ಇನ್ನೊಬ್ಬರಿಗೆ. ಇಂದು ಪಂಪು ಆ ಕೆಲಸ ಮಾಡುತ್ತದೆ. ಕರೆಂಟು ಹೋದ ರಾತ್ರಿ ಎದ್ದು ನೀರು ಕಲಕುವವರು ಯಾರು? ಯಜಮಾನ ಊರಿಗೆ ಹೋದಾಗ ಉಪ್ಪು ಅಳೆಯುವವರು ಯಾರು? ಹವ್ಯಾಸ ಗಂಡನದು, ಉಸಾಬರಿ ಹೆಂಡತಿಯದು ಎಂಬಂಥ ಮನೆಗಳು ಇಲ್ಲದಿಲ್ಲ. ತನ್ನ ಕೈಯಿಂದ ನೀರು ಸುರಿಯಲು ಸಿದ್ಧನಿಲ್ಲದವನು ಕಡಲನ್ನು ಮನೆಗೆ ಕರೆಯಬಾರದು.

ಒಬ್ಬರ ಮನೆಯ ಲೆಕ್ಕವಾಯಿತು. ಸಾವಿರ ಮನೆಗಳ ಲೆಕ್ಕ ಬೇರೆ. ಫಿಲಿಪ್ ಹೆನ್ರಿ ಗಾಸ್ ಎಂಬ ನಿಸರ್ಗಶಾಸ್ತ್ರಜ್ಞನು 1854ರಲ್ಲಿ ‘ದಿ ಅಕ್ವೇರಿಯಂ’ ಎಂಬ ಪುಸ್ತಕ ಬರೆದನು. ಆತ ದೈವಭಕ್ತ, ಒಂದೊಂದು ಕಡಲಹೂವನ್ನೂ ಸೃಷ್ಟಿಕರ್ತನ ಕೈಬರಹವೆಂಬಂತೆ ನೋಡಿದವನು. ಪುಸ್ತಕ ಜನಪ್ರಿಯವಾಯಿತು, ಗಾಜಿನ ತೊಟ್ಟಿ ಮನೆಮನೆಯ ಚಟವಾಯಿತು. ಬಕೆಟ್ಟು, ಉಳಿ ಹಿಡಿದವರು ತಂಡತಂಡವಾಗಿ ತೀರಕ್ಕೆ ಬಂದು ಬಂಡೆಯ ಮಡುಗಳನ್ನು ಬರಿದುಮಾಡಿದರು. ಅವನ ಮಗ ಎಡ್ಮಂಡ್ ಗಾಸ್ 1907ರಲ್ಲಿ ಪ್ರಕಟಿಸಿದ ‘ಫಾದರ್ ಅಂಡ್ ಸನ್’ ಗ್ರಂಥದಲ್ಲಿ ಈ ಹಾಳನ್ನು ನೆನೆದು ಮರುಗಿದ್ದಾನೆ. ತಂದೆ ತಾನು ಕನಸಿನಲ್ಲಿಯೂ ಎಣಿಸದ ಅನಾಹುತಕ್ಕೆ ತಾನೇ ಕಾರಣನಾದುದನ್ನು ಕಂಡು ನೊಂದದ್ದನ್ನೂ ಹೇಳಿದ್ದಾನೆ. ಆ ಜನರಲ್ಲಿ ದುಷ್ಟರು ಯಾರೂ ಇರಲಿಲ್ಲ. ಒಬ್ಬೊಬ್ಬನೂ ಒಯ್ದದ್ದು ಒಂದು ಬೊಗಸೆ. ಅಂಥ ನಿರಪರಾಧಿ ಬೊಗಸೆಗಳಿಂದಲೇ ತೀರ ಬರಿದಾಯಿತು.

ಆ ಕಥೆ ಹಳೆಯದೆಂದು ತಳ್ಳಿಹಾಕುವಂತಿಲ್ಲ. ಇಂಡೋನೇಷ್ಯದ ಸುಲವೇಸಿಯ ಬಳಿ ಬಂಗ್ಗಾಯಿ ಎಂಬ ಪುಟ್ಟ ದ್ವೀಪಗಳಿವೆ. ಅಲ್ಲಿಯ ಒಂದು ಚೆಲುವಾದ ಕಪ್ಪುಪಟ್ಟೆಯ ಮೀನಿಗೆ ಅದೊಂದೇ ತವರು. ಅದರ ಗಂಡು ಮೊಟ್ಟೆಗಳನ್ನು ಬಾಯೊಳಗಿಟ್ಟುಕೊಂಡು, ಉಪವಾಸವಿದ್ದು, ಮರಿಮಾಡುತ್ತದೆ. 1990ರ ದಶಕದಲ್ಲಿ ಹವ್ಯಾಸಿಗಳ ಕಣ್ಣು ಅದರ ಮೇಲೆ ಬಿತ್ತು. ವರ್ಷಕ್ಕೆ ಲಕ್ಷಗಟ್ಟಲೆ ಮೀನು ಹಡಗೇರಿದವು. 2007ರಲ್ಲಿ ಅದು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿತು. ತೊಟ್ಟಿಯಲ್ಲಿಯೇ ಸುಲಭವಾಗಿ ಮರಿಹಾಕುವ ಮೀನಿಗೆ ಈ ಗತಿ ಬಂದದ್ದು ಎಷ್ಟು ಅನಾವಶ್ಯಕ! ಫಿಲಿಪೀನ್ಸಿನಲ್ಲಿ 1960ರ ದಶಕದಿಂದ ಹವಳದ ಸಂದಿಗೆ ಸಯನೈಡ್ ಚಿಮ್ಮಿಸಿ, ಮಂಕಾದ ಮೀನನ್ನು ಹಿಡಿಯುವ ಪದ್ಧತಿ ಬೆಳೆಯಿತು. ಮೀನು ಹೇಗೋ ಚೇತರಿಸಿಕೊಂಡರೂ ಹವಳ ಸಾಯುತ್ತದೆ. ಅಂಗಡಿಯ ಗಾಜಿನಾಚೆ ಮಿನುಗುವ ಮೀನು ಯಾವ ದಾರಿಯಲ್ಲಿ ಬಂತೆಂದು ಅದರ ಮುಖ ಹೇಳುವುದಿಲ್ಲ. ಕೇಳುವ ಹೊಣೆ ಕೊಳ್ಳುವವನದು.

ಇದಕ್ಕೆ ಹವ್ಯಾಸಿಗಳು ಒಂದು ಸಮಾಧಾನ ಹೇಳುವುದುಂಟು: “ಕಡಲು ಬಿಸಿಯಾಗುತ್ತಿದೆ, ಹವಳ ಹೇಗಿದ್ದರೂ ಅಳಿಯುತ್ತಿದೆ, ನಮ್ಮ ತೊಟ್ಟಿಯಲ್ಲಾದರೂ ಉಳಿಯಲಿ.” ಮೊದಲ ಮಾತು ನಿಜ. 1998ರಲ್ಲಿ ಲೋಕದ ಎಲ್ಲ ಉಷ್ಣಕಡಲುಗಳಲ್ಲಿಯೂ ಹವಳ ಬಿಳಿಚಿತು. ಶಾಖ ತಾಳಲಾರದೆ ತನ್ನೊಳಗಿನ ಪಾಚಿಯನ್ನು ಹೊರದೂಡಿ ಬಣ್ಣಗೆಡುವುದಕ್ಕೆ ಬಿಳಿಚುವಿಕೆಯೆಂದು ಹೆಸರು. ಅಂಥ ಜಾಗತಿಕ ವಿಪತ್ತು ನಾಲ್ಕನೆಯ ಸಲ ಬಂದಿದೆಯೆಂದು 2024ರ ಏಪ್ರಿಲಿನಲ್ಲಿ ವಿಜ್ಞಾನಿಗಳು ಸಾರಿದರು. ಆದರೆ ಉರಿಯುವ ಮನೆಯಲ್ಲಿ ಗಳ ಹಿರಿಯುವವನು ತಾನು ಗಳವನ್ನು ಕಾಪಾಡಿದೆನೆಂದರೆ ಒಪ್ಪಬಹುದೆ? ತೊಟ್ಟಿಯಲ್ಲಿ ಬೆಳೆದ ಹವಳದ ಚೂರನ್ನು, ನೆರೆಮನೆಯವರಿಂದ ದಾಸವಾಳದ ಕಡ್ಡಿ ಇಸಕೊಂಡು ನೆಡುವಂತೆ, ಒಬ್ಬರಿಂದೊಬ್ಬರು ಪಡೆದು ಬೆಳೆಸುವವರಿದ್ದಾರೆ. ಅವರು ಕಡಲಿನಿಂದ ಹೊಸದಾಗಿ ಕೀಳುವುದಿಲ್ಲ. ಅವರ ಬಾಯಲ್ಲಿ ಆ ಸಮಾಧಾನಕ್ಕೆ ಬೆಲೆಯಿದೆ. ನಮ್ಮ ದೇಶದಲ್ಲಿ ಕಾನೂನೂ ಗೆರೆ ಎಳೆದಿದೆ: 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿ ಹುಲಿಯೊಡನೆ ಕಲ್ಲುಹವಳಕ್ಕೂ ಜಾಗವಿದೆ. ಮುರುಡೇಶ್ವರದಾಚೆ ನೇತ್ರಾಣಿ ದ್ವೀಪದ ಸುತ್ತ ಮುಳುಗುವವರು ಹವಳವನ್ನು ಕಣ್ಣಿನಿಂದ ಮಾತ್ರ ತರಬಹುದು.

ಹಾಗಾದರೆ ಸಾಕದಿರುವುದೇ ಲೇಸಲ್ಲವೆ? ಈ ಕಟ್ಟುನಿಟ್ಟಿನ ಮಾತನ್ನು ಗೌರವದಿಂದ ಕೇಳಬೇಕು. ಹಸುವಿಗೂ ನಮಗೂ ಸಾವಿರಾರು ವರ್ಷಗಳ ಒಡಂಬಡಿಕೆ. ಬಾಯಾರಿದರೆ ಅದು ಅಂಬಾ ಎಂದು ಕರೆದು ಹಕ್ಕಿನಿಂದ ಕೇಳುತ್ತದೆ. ಮೀನು, ಹವಳ ನಮ್ಮೊಡನೆ ಯಾವ ಒಪ್ಪಂದಕ್ಕೂ ಬಂದವಲ್ಲ; ಕರೆಯಲು ಅವಕ್ಕೆ ದನಿಯಿಲ್ಲ. ದನಿಯಿಲ್ಲದವರ ಋಣ ಹೆಚ್ಚು ಭಾರ, ಏಕೆಂದರೆ ವಸೂಲಿಗೆ ಯಾರೂ ಬರುವುದಿಲ್ಲ. ಆದರೂ ಪೂರ್ತಿ ಬೇಡವೆನ್ನಲು ನನಗೆ ಮನಸ್ಸಾಗದು. ಕಡಲನ್ನು ಬರಿಯ ಮೀನಿನ ಗಣಿಯೆಂದೋ ಕೊಳಕು ಸುರಿಯುವ ತಿಪ್ಪೆಯೆಂದೋ ತಿಳಿದ ಕಾಲ ಇದು. ಇನ್ನೂರು ಲೀಟರು ನೀರನ್ನು ಶುದ್ಧವಾಗಿಡಲು ಎಷ್ಟು ಎಚ್ಚರ ಬೇಕೆಂದು ವರ್ಷಗಟ್ಟಲೆ ಅನುಭವಿಸಿದವನಿಗೆ, ಅಷ್ಟನ್ನೂ ಯಾರ ಹಂಗಿಲ್ಲದೆ ನಡೆಸಿಕೊಂಡು ಬಂದ ಸಮುದ್ರದ ಬೆಲೆ ಬೇರೆಯೇ ರೀತಿಯಲ್ಲಿ ತಿಳಿಯುತ್ತದೆ. ಒಂದು ಡಿಗ್ರಿ ಶಾಖ ಎಂದರೇನೆಂಬುದು ಅವನಿಗೆ ಅಂಕಿಯಾಗಿ ಉಳಿಯುವುದಿಲ್ಲ.

ನಮ್ಮ ಭಾಷೆಯಲ್ಲಿ ಒಂದು ಸೊಗಸಿದೆ. ಪೊರೆ ಎನ್ನುವುದಕ್ಕೂ ‘ಸಾಕು’ ಎನ್ನುತ್ತೇವೆ, ಇನ್ನು ಬೇಡ ಎನ್ನುವುದಕ್ಕೂ ‘ಸಾಕು’ ಎನ್ನುತ್ತೇವೆ. ವ್ಯಾಕರಣಜ್ಞರು ಇವು ಬೇರೆ ಬೇರೆ ಪದಗಳೆಂದು ವಾದಿಸಿಯಾರು. ತೊಟ್ಟಿಯ ಮುಂದೆ ನಿಂತವನಿಗೆ ಎರಡೂ ಒಂದೇ. ಒಂದು ಜೊತೆ ಕ್ಲೌನ್ ಮೀನು, ತೊಟ್ಟಿಯಲ್ಲಿಯೇ ಹುಟ್ಟಿ ಬೆಳೆದದ್ದು, ಸಾಕು. ನಮ್ಮ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೂ ಅದನ್ನು ಮರಿಮಾಡಿಸುವ ವಿಧಾನವನ್ನು ರೂಢಿಗೆ ತಂದಿದೆ. ಹವಳದ ಜೀವವನ್ನಲ್ಲದೆ ಬೇರೇನನ್ನೂ ತಿನ್ನದ ಕೆಲವು ಚಿಟ್ಟೆಮೀನುಗಳಿವೆ; ಎಷ್ಟು ಚೆಲುವಾದರೂ ಅವು ಬೇಡ, ತೊಟ್ಟಿಯಲ್ಲಿ ಹಸಿದೇ ಸಾಯುತ್ತವೆ. ಮೂವತ್ತು ಸೆಂಟಿಮೀಟರು ಬೆಳೆಯುವ ನೀಲಿ ಮೀನಿಗೆ ಮೂರಡಿಯ ತೊಟ್ಟಿ ಸೆರೆಮನೆ. ‘ಸಾಕು’ ಎನ್ನಲು ಬಾರದವನಿಗೆ ಸಾಕಲೂ ಬಾರದು.

ಕೊನೆಯದಾಗಿ ಒಂದು ಮಾತು. ಬೇಸರವಾದರೆ ಮರಳಿ ಕಡಲಿಗೇ ಬಿಟ್ಟರಾಯಿತು ಎನ್ನುವವರಿದ್ದಾರೆ. ಕೇಳಲು ಅದು ಬಿಡುಗಡೆಯಂತೆ, ಪುಣ್ಯದಂತೆ ಇದೆ. ನಮ್ಮ ಹಿಂದೂ ಮಹಾಸಾಗರ, ಶಾಂತಸಾಗರಗಳ ಸಿಂಹಮೀನು 1985ರಲ್ಲಿ ಅಮೆರಿಕದ ಫ್ಲಾರಿಡ ತೀರದಲ್ಲಿ ಕಂಡಿತು. ಸಾಕಿದವರು ಬಿಟ್ಟದ್ದೇ ಇರಬೇಕೆಂಬುದು ವಿಜ್ಞಾನಿಗಳ ಮತ. ಇಂದು ಅದು ಕೆರಿಬಿಯನ್ ಕಡಲಿನುದ್ದಕ್ಕೂ ಹಬ್ಬಿ, ಅಲ್ಲಿಯ ಮರಿಮೀನುಗಳನ್ನು ನುಂಗುತ್ತಿದೆ. ತಂದದ್ದನ್ನು ಹಿಂದಿರುಗಿಸುವ ದಾರಿಯಿಲ್ಲ. ತೊಟ್ಟಿಯಲ್ಲಿ ಇಪ್ಪತ್ತು ವರ್ಷ ದಾಟಿ ಬದುಕಿದ ಕ್ಲೌನ್ ಮೀನುಗಳಿವೆ. ಇಂದು ಅದನ್ನು ತರುವವನ ಶಾಲೆಗೆ ಹೋಗುವ ಮಗಳು ಮದುವೆಯಾಗಿ ಮನೆಬಿಟ್ಟ ಮೇಲೂ ಅದು ಅಲ್ಲಿರಬಹುದು. ಇಷ್ಟು ದೀರ್ಘವಾದ ಹೊಣೆಯನ್ನು ಹೊರುವೆನೆ, ಬೇಡವೆ ಎಂದು ತೂಗಿ ನೋಡಲು ಆ ನಾಲ್ಕಾರು ವಾರಗಳಿಗಿಂತ ಒಳ್ಳೆಯ ಸಮಯ ಬೇರೊಂದಿಲ್ಲ. ಆಗ ತೊಟ್ಟಿಯಲ್ಲಿ ಬರಿಯ ನೀರು, ಕಲ್ಲು. ಯೋಚಿಸಿ ಬೇಡವೆನಿಸಿದರೆ ದೀಪ ಆರಿಸಿ ನೀರು ಚೆಲ್ಲಿಬಿಡಬಹುದು. ಯಾವ ಜೀವಕ್ಕೂ ನೋವಾಗದು.